ಕೆಚ್ಚಲು ಬಾವೂ ಸೂಕ್ಷ್ಮಜೀವಿಭಕ್ಷಕವೂ



ಬೀದರ ನಗರದಲ್ಲಿ ಕುಳಿತು ಬೆಳಗಿನ ಚಹಕ್ಕೆ ಹಾಲು ಬೆರಸುವ ನಾವು, ಆ ಹಾಲು ಬಂದ ಕೊಟ್ಟಿಗೆಯನ್ನು ನೆನೆಯುವುದು ಅಪರೂಪ. ಭಾಲ್ಕಿ, ಔರಾದ ತಾಲ್ಲೂಕುಗಳ ಕಡೆ ಹೋದರೆ ಬಿಳಿಯ ಮೈಮೇಲೆ ಕರಿಯ ಮಚ್ಚೆಗಳನ್ನು ಹೊತ್ತ ದೇವಣಿ ದನಗಳು ಕಣ್ಣಿಗೆ ಬೀಳುತ್ತವೆ. ಎತ್ತು ನೇಗಿಲಿಗೆ, ಆಕಳು ಹಾಲಿಗೆ. ಎರಡಕ್ಕೂ ಒದಗುವ ತಳಿಯಿದು. ಇಂಥ ಆಕಳಿಗೂ, ಹೆಚ್ಚು ಹಾಲು ಕೊಡುವ ಮಿಶ್ರತಳಿಯ ಆಕಳಿಗೂ ತಗಲುವ ಒಂದು ಬೇನೆಯನ್ನೂ, ಅದಕ್ಕೆ ವಿದ್ವಾಂಸರು ಅರಸುತ್ತಿರುವ ವಿಚಿತ್ರವಾದೊಂದು ಮದ್ದನ್ನೂ ಕುರಿತು ಇಂದು ನಾಲ್ಕು ಮಾತುಗಳನ್ನಾಡುವೆವು.

ಬೇನೆಯ ಹೆಸರು ಕೆಚ್ಚಲು ಬಾವು. ಮೊಲೆಯ ತುದಿಯ ರಂಧ್ರದಿಂದ ಸ್ಟ್ಯಾಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್ ಮೊದಲಾದ ಸೂಕ್ಷ್ಮಜೀವಿಗಳು ಒಳಹೊಕ್ಕು ವೃದ್ಧಿ ಹೊಂದುತ್ತವೆ. ಕೆಚ್ಚಲು ಊದಿ ಬಿಸಿಯಾಗುತ್ತದೆ. ಹಾಲು ನೀರಾಗಿ ಗರಣೆಗಟ್ಟುತ್ತದೆ. ಹೊರಗೆ ಚಿಹ್ನೆಯೇ ಇಲ್ಲದೆ ಹಾಲು ಮಾತ್ರ ಕುಗ್ಗುವ ಗುಪ್ತರೂಪವೂ ಉಂಟು. ಅಲಕ್ಷಿಸಿದರೆ ಆ ಮೊಲೆ ಬತ್ತಿಹೋಗಬಹುದು. ಒಂದೇ ಆಕಳನ್ನು ನಂಬಿದ ಮನೆಗೆ ಅದು ಸಣ್ಣ ನಷ್ಟವಲ್ಲ.

ಪೆನಿಸಿಲಿನ್ ಮೊದಲಾದ ಪ್ರತಿಜೈವಿಕಗಳೇ ಇದಕ್ಕೆ ರೂಢಿಯ ಔಷಧ. ಆದರೆ ಅವನ್ನು ಕೊಟ್ಟಾಗ ಕೆಲವು ದಿನ ಹಾಲನ್ನು ಮಾರಕೂಡದು. ಹಾಲು ಕಾಯಿಸಿದಮಾತ್ರಕ್ಕೆ ಅದರಲ್ಲಿ ಉಳಿದ ಔಷಧವೆಲ್ಲ ನಾಶವಾಗದು. ಅಳತೆ ತಪ್ಪಿ ಬಳಸಿದಷ್ಟೂ ಔಷಧಕ್ಕೆ ಬಗ್ಗದ ಸೂಕ್ಷ್ಮಜೀವಿಗಳು ತಲೆಯೆತ್ತುತ್ತವೆ. ಹೀಗೆ ಕೊಟ್ಟಿಗೆಯ ಚಿಂತೆ ನಗರದ ಮನೆಗಳ ಚಿಂತೆಯೂ ಆಗಿದೆ.

ಸೂಕ್ಷ್ಮಜೀವಿಗಳಿಗೂ ವೈರಿಗಳುಂಟು. 1896ರಲ್ಲಿ ಹ್ಯಾಂಕಿನ್ ಎಂಬವರು, ಗಂಗಾ ಯಮುನೆಗಳ ನೀರು ಕಾಲರಾ ಜೀವಿಗಳನ್ನು ಕೊಲ್ಲುವುದೆಂದು ಕಂಡರು. 1915ರಲ್ಲಿ ಟ್ವೋರ್ಟ್ ಅವರೂ 1917ರಲ್ಲಿ ದೆರೆಲ್ ಅವರೂ ಸೂಕ್ಷ್ಮಜೀವಿಗಳನ್ನು ಅಳಿಸುವ ಅತಿಸೂಕ್ಷ್ಮ ವಸ್ತುವನ್ನು ಗುರುತಿಸಿದರು. ಅದಕ್ಕೆ ಬ್ಯಾಕ್ಟೀರಿಯೊಫೇಜ್, ಎಂದರೆ ಸೂಕ್ಷ್ಮಜೀವಿಭಕ್ಷಕ, ಎಂದು ಹೆಸರಿಟ್ಟವರು ದೆರೆಲ್. ಇದು ಒಂದು ಬಗೆಯ ವೈರಸ್. ತನಗೆ ಹೊಂದುವ ಜೀವಿಗೆ ಅಂಟಿಕೊಂಡು, ತನ್ನ ಬೀಜವಸ್ತುವನ್ನು ಒಳಗೆ ಹೊಗಿಸಿ, ಅಲ್ಲಿಯೇ ಹಲವಾಗಿ ಬೆಳೆದು, ಕೊನೆಗೆ ಆ ಜೀವಿಯನ್ನು ಒಡೆದು ಹೊರಬರುತ್ತದೆ. ಒಂದರ ವೈರಿ ಮತ್ತೊಂದನ್ನು ಸಾಮಾನ್ಯವಾಗಿ ಮುಟ್ಟದು. ಆಕಳ ಮೈಯನ್ನೂ ಬಾಧಿಸದು.

ಹಾಗಾದರೆ ಕೆಚ್ಚಲಿಗೆ ಇದನ್ನೇ ಏರಿಸಬಾರದೇಕೆ? ಏರಿಸಿ ನೋಡಿದ್ದಾರೆ. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸ್ಟ್ಯಾಫಿಲೊಕಾಕಸ್‌ನ ಗುಪ್ತ ಬಾವಿದ್ದ 18 ಮೊಲೆಗಳ ಪೈಕಿ ಗುಣವಾದುವು 3 ಮಾತ್ರ. ಬರಿಯ ಉಪ್ಪುನೀರು ಪಡೆದ 20ರಲ್ಲಿ ಒಂದೂ ಗುಣವಾಗಲಿಲ್ಲ. ಹಾಲಿನ ತಿಳಿಯಲ್ಲಿರುವ ಪ್ರೋಟೀನುಗಳು ಸೂಕ್ಷ್ಮಜೀವಿಯ ಮೈಗೆ ಹೊದಿಕೆಯಂತೆ ಹತ್ತಿಕೊಂಡು, ಭಕ್ಷಕವು ಅಂಟದಂತೆ ತಡೆಯುತ್ತವೆ. ಗಾಜಿನ ನಳಿಗೆಯಲ್ಲಿ ಗೆದ್ದುದು ಕೆಚ್ಚಲಲ್ಲಿ ಸೋತುದು ಹೀಗೆ. ಆದುದರಿಂದ ಇದನ್ನು ಸಿದ್ಧೌಷಧವೆಂದು ಯಾರಾದರೂ ಮಾರಬಂದರೆ ನಂಬತಕ್ಕುದಲ್ಲ.

ಆದರೂ ಆಸೆ ಬಿಡಬೇಕಾಗಿಲ್ಲ. ಭಕ್ಷಕವನ್ನು ಆಯಾ ಪ್ರದೇಶದ ರೋಗಜೀವಿಗೆ ಹೊಂದಿಸಿ ಆರಿಸಬೇಕು. ಅದು ದೊರೆಯುವುದು ಸಗಣಿಯಲ್ಲಿ, ಕೊಟ್ಟಿಗೆಯ ಚರಂಡಿಯಲ್ಲಿ. ಕೋಟೆಯ ಮಣ್ಣಿನಿಂದಲೇ ಬಿದರಿ ಪಾತ್ರೆಗೆ ಕಪ್ಪುಬಣ್ಣ ಕಟ್ಟುವ ಊರು ನಮ್ಮದು. ಪಶುವೈದ್ಯ ವಿಶ್ವವಿದ್ಯಾಲಯವೂ ಇಲ್ಲಿಯೇ ಇದೆ. ಇಲ್ಲಿಯ ಬೇನೆಗೆ ಇಲ್ಲಿಯ ಕೊಟ್ಟಿಗೆಗಳಲ್ಲಿ ಮದ್ದನ್ನು ಹುಡುಕುವುದು ಅಸಂಗತವೇನಲ್ಲ.

ಅಲ್ಲಿಯವರೆಗೆ ಗೌಳಿಗರು ಕೈತೊಳೆದು ಕರೆಯಲಿ. ಮೊದಲ ಧಾರೆಯನ್ನು ಕರಿಯ ಬಟ್ಟೆಯ ಮೇಲೆ ಹಿಂಡಿ ಗರಣೆಯಿದೆಯೇ ಎಂದು ನೋಡಲಿ. ಬೇನೆಯ ಆಕಳನ್ನು ಕೊನೆಗೆ ಕರೆಯಲಿ. ಕರೆದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮೇವು ಹಾಕಿ, ರಂಧ್ರ ಮುಚ್ಚುವತನಕ ಆಕಳನ್ನು ನಿಲ್ಲಿಸಲಿ. ಚಿಕಿತ್ಸೆಯ ದಿನಗಳಲ್ಲಿ ಹಾಲಿನವನು ಹಾಲು ತಾರದೆ ಹೋದರೆ, ನಗರದ ನಾವು ಅವನ ವರ್ತನೆಯನ್ನು ಬಿಡಿಸದಿರೋಣ.