ಮನಸ್ಸಿನ ಬೇನೆಗೆ ಹಾಯಿದೋಣಿಯ ಆಸರೆ



ನಾನು ದೊಡ್ಡ ಓದು ಓದಿದವನಲ್ಲ. ಮೆಟ್ರಿಕ್ ಪಾಸು ಮಾಡಿ ಬ್ಯಾಂಕಿಗೆ ಸೇರಿ, 38 ವರ್ಷ ಕೌಂಟರಿನ ಹಿಂದೆ ಕುಳಿತು, 2018ರ ಮೇ 31ರಂದು ಗುಮಾಸ್ತನಾಗಿಯೇ ನಿವೃತ್ತನಾದವನು. ವೈದ್ಯನಲ್ಲ, ನಾವಿಕನೂ ಅಲ್ಲ. ಈಜಲು ಸಹ ಅಷ್ಟಕ್ಕಷ್ಟೆ. ಹಾಗಿದ್ದೂ ಹಾಯಿದೋಣಿಯ ಬಗ್ಗೆ, ಮನಸ್ಸಿನ ಕಾಯಿಲೆಯ ಬಗ್ಗೆ ಮಾತಾಡಲು ಬಂದಿದ್ದೇನೆ. ಎರಡನ್ನೂ ನಾನು ಕಂಡದ್ದು ಒಂದೇ ವರ್ಷದಲ್ಲಿ. ಅದನ್ನು ನಿಮ್ಮ ಮುಂದೆ ಇಡುತ್ತೇನೆ.

ನಿವೃತ್ತಿಯ ದಿನ ಹಾರ ಹಾಕಿದರು, ಶಾಲು ಹೊದಿಸಿದರು, ಗೋಡೆ ಗಡಿಯಾರ ಕೊಟ್ಟರು. ಮನೆಗೆ ಬಂದು ಮೊದಲ ಎರಡು ವಾರ ಹಾಯಾಗಿತ್ತು. ಆಮೇಲೆ ಬೆಳಗ್ಗೆ ಮೂರು ಗಂಟೆಗೆ ಎಚ್ಚರವಾಗತೊಡಗಿತು. ಎದ್ದು ಕುಳಿತರೆ ಹಳೆಯ ಲೆಕ್ಕಗಳೇ ಕಣ್ಣಮುಂದೆ. ಎಂದೋ ಟ್ಯಾಲಿ ಆಗದೆ ಉಳಿದ ನೂರು ರೂಪಾಯಿ, ಎಂದೋ ಸಾಲಕ್ಕಾಗಿ ಬಂದು ಬರಿಗೈಯಲ್ಲಿ ಹೋದ ಒಬ್ಬ ರೈತನ ಮುಖ. ಊಟ ರುಚಿಸಲಿಲ್ಲ. ಪತ್ರಿಕೆ ಓದಲಾಗಲಿಲ್ಲ. ಯಾರಾದರೂ ಮನೆಗೆ ಬಂದರೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಆಟಿ ತಿಂಗಳ ಮಳೆ ಬೇರೆ. 'ಮಳೆಗಾಲದ ಬೇಸರ, ಸರಿಯಾದೀತು' ಎಂದು ಮನೆಯವರು ಅಂದುಕೊಂಡರು. ಸರಿಯಾಗಲಿಲ್ಲ. ಕೊನೆಗೆ ಬದುಕು ಸಾಕು ಎಂಬ ಯೋಚನೆಯೂ ಬಂತು. ಒಂದು ರಾತ್ರಿ ಅದನ್ನು ಹೆಂಡತಿಯ ಹತ್ತಿರ ಬಾಯಿಬಿಟ್ಟು ಹೇಳಿದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ. 'ಬೆಳಗಾಗಲಿ, ಡಾಕ್ಟರ ಹತ್ತಿರ ಹೋಗುವ. ಅಲ್ಲಿಯವರೆಗೆ ನಾನು ಮಲಗುವುದಿಲ್ಲ' ಎಂದಳು. ಅಂದು ಹೇಳಿದ್ದರಿಂದಲೇ ಇಂದು ನಿಮ್ಮೊಡನೆ ಮಾತಾಡುತ್ತಿದ್ದೇನೆ.

ಡಾಕ್ಟರು ಮಲಯಾಳದವರು. ನನ್ನ ಹೆಂಡತಿಯ ತವರು ಸುಳ್ಯದ ಕಡೆ. ಡಾಕ್ಟರು ಅವಳನ್ನು ನೋಡಿ, 'ಇವರಿಗೆ ತುಂಬಾ ವಿಷಮವುಂಟೋ?' ಎಂದು ಕೇಳಿದರು. ಮಲಯಾಳದಲ್ಲಿ 'ವಿಷಮ' ಎಂದರೆ ದುಃಖ, ಸಂಕಟ ಎಂದು ನಿಮಗೆಲ್ಲ ಗೊತ್ತು. ಅವಳಿಗೆ ನೆನಪಾದದ್ದು ವಿಷಮಶೀತ ಜ್ವರ. 'ಜ್ವರ ಇಲ್ಲ ಡಾಕ್ಟ್ರೆ, ಮುಟ್ಟಿ ನೋಡಿದ್ದೇನೆ' ಎಂದಳು. ಎಷ್ಟೋ ವಾರಗಳ ನಂತರ ನನಗೆ ನಗು ಬಂದದ್ದು ಆ ಹೊತ್ತಿನಲ್ಲಿ. ಡಾಕ್ಟರೂ ನಕ್ಕರು. ಆಮೇಲೆ ಗಂಭೀರವಾಗಿ ಹೇಳಿದರು: ಇದು ಸೋಮಾರಿತನವಲ್ಲ, ದೆವ್ವವಲ್ಲ, ಖಿನ್ನತೆ ಎಂಬ ಕಾಯಿಲೆ. ಔಷಧಿಯ ಗುಣ ತಿಳಿಯಲು ಎರಡರಿಂದ ನಾಲ್ಕು ವಾರ ಬೇಕು, ನಡುವೆ ನಿಲ್ಲಿಸಬಾರದು. ಇನ್ನೊಂದು ಮಾತನ್ನೂ ಹೇಳಿದರು. ಮನಸ್ಸು ಬಂದ ಮೇಲೆ ಕೆಲಸ ಮಾಡುತ್ತೇನೆ ಎಂದು ಕಾದು ಕುಳಿತುಕೊಳ್ಳಬೇಡಿ. ದಿನಕ್ಕೊಂದು ಸಣ್ಣ ಕೆಲಸ ಹೊತ್ತು ಗೊತ್ತು ಇಟ್ಟು ಮಾಡಿ, ಮನಸ್ಸು ಹಿಂದಿನಿಂದ ಬರುತ್ತದೆ.

ನಾನು ಹಾಸಿಗೆ ಹಿಡಿದು ಮಲಗಿದ್ದ ಆ ದಿನಗಳಲ್ಲೇ ಇನ್ನೊಬ್ಬ ಮನುಷ್ಯ ಬಹಳ ದೂರದಲ್ಲಿ ಮಲಗಿದ್ದ. ನೌಕಾಪಡೆಯ ಅಧಿಕಾರಿ, ಕೇರಳ ಮೂಲದ ಅಭಿಲಾಷ್ ಟೋಮಿ. 2018ರ ಜುಲೈ 1ರಂದು ಫ್ರಾನ್ಸಿನಿಂದ ಹೊರಟ ಗೋಲ್ಡನ್ ಗ್ಲೋಬ್ ಎಂಬ ಹಾಯಿದೋಣಿ ಪಂದ್ಯದಲ್ಲಿ ಅವರಿದ್ದರು. ಒಬ್ಬನೇ ಮನುಷ್ಯ, ಒಂದೇ ದೋಣಿ, ಎಲ್ಲಿಯೂ ನಿಲ್ಲದೆ ಭೂಮಿಗೆ ಒಂದು ಸುತ್ತು. ಉಪಗ್ರಹದಿಂದ ದಾರಿ ತಿಳಿಯುವ ಯಂತ್ರವನ್ನು ಬಳಸುವ ಹಾಗಿಲ್ಲ, ಸೂರ್ಯ ನಕ್ಷತ್ರ ನೋಡಿಯೇ ಲೆಕ್ಕ ಹಾಕಬೇಕು. ಅವರ 'ತುರೀಯ' ದೋಣಿ ಗೋವಾದಲ್ಲಿ ಕಟ್ಟಿದ್ದು. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿಗೆ ದೋಣಿ ಮಗುಚಿ, ಹಾಯಿಕಂಬ ಮುರಿದು, ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ಎದ್ದು ನಡೆಯಲಾಗದು ಎಂಬ ಸಂದೇಶ ಬಂತು. ಮೂರು ದಿನ ಇಡೀ ಕೇರಳ ಟಿ.ವಿ.ಯ ಮುಂದೆ ಕುಳಿತಿತ್ತು. ಆಗಸ್ಟಿನ ಮಹಾಪ್ರವಾಹದಲ್ಲಿ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳಲ್ಲಿ ತಂದು ಸಾವಿರಾರು ಜನರನ್ನು ಉಳಿಸಿದ್ದನ್ನು ಕಂಡು ಇನ್ನೂ ತಿಂಗಳಾಗಿತ್ತಷ್ಟೆ. ಸೆಪ್ಟೆಂಬರ್ 24ರಂದು ಫ್ರಾನ್ಸಿನ 'ಓಸಿರಿಸ್' ಎಂಬ ಹಡಗು ಟೋಮಿಯವರನ್ನು ಎತ್ತಿಕೊಂಡಿತು.

ಆ ಸುದ್ದಿ ನೋಡುವಾಗ ನನಗೆ ಅನಿಸಿದ್ದು ಒಂದೇ. ಅವರಿಗೆ ಬೆನ್ನು ಮುರಿದಿದೆ, ಏಳಲಾಗುವುದಿಲ್ಲ ಎಂದು ಲೋಕಕ್ಕೆ ಕಾಣುತ್ತದೆ. ನನ್ನದು ಮುರಿದದ್ದು ಯಾರಿಗೂ ಕಾಣುವುದಿಲ್ಲ. ಆದರೂ ಅವರು ಮಾಡಿದ್ದನ್ನೇ ನಾನೂ ಮಾಡಬೇಕು, ಸಹಾಯ ಬೇಕು ಎಂದು ಕೂಗಿ ಹೇಳಬೇಕು. ಹೆಂಡತಿಯೊಡನೆ ನಾನು ಬಾಯಿಬಿಟ್ಟದ್ದು ಅದೇ ವಾರ.

ಡಾಕ್ಟರು ಹೇಳಿದ 'ಸಣ್ಣ ಕೆಲಸ' ನನಗೆ ಸಿಕ್ಕಿದ್ದು ಶಿರಿಯಾ ಹೊಳೆಯ ಅಳಿವೆಯಲ್ಲಿ. ನಮ್ಮ ಶಾಖೆಗೆ ಬರುತ್ತಿದ್ದ ಹಿರಿಯ ಮೊಗವೀರರೊಬ್ಬರಿದ್ದರು. ಮರಕಾಲರು ಎಂದೇ ಕರೆಯುವುದು. ಅವರ ಎಂಜಿನ್ ಸಾಲದ ಚಲನುಗಳನ್ನು ನಾನೇ ತುಂಬಿಸಿ ಕೊಡುತ್ತಿದ್ದೆ. ನಾನು ಮನೆಯಿಂದ ಹೊರಗೆ ಬೀಳುವುದಿಲ್ಲ ಎಂದು ಯಾರಿಂದಲೋ ಕೇಳಿ, ಡಿಸೆಂಬರಿನ ಒಂದು ಮಧ್ಯಾಹ್ನ ಜಗಲಿಗೆ ಬಂದು ಕುಳಿತರು. 'ರಾಯರೆ, ನೀವು ನನ್ನ ಲೆಕ್ಕ ನೋಡಿದ್ದು ಸಾಕು, ಇನ್ನು ನನ್ನ ದೋಣಿ ನೋಡಿ' ಎಂದು ತುಳುವಿನಲ್ಲಿ ಹೇಳಿ ಎಬ್ಬಿಸಿಕೊಂಡು ಹೋದರು. ಅವರ ಮಕ್ಕಳು ಎಂಜಿನ್ ದೋಣಿಯಲ್ಲಿ ಕಡಲಿಗೆ ಹೋಗುತ್ತಾರೆ. ಇವರ ಹತ್ತಿರ ಉಳಿದಿದ್ದದ್ದು ಅಳಿವೆಯೊಳಗೆ ಓಡಾಡುವ ಒಂದು ಸಣ್ಣ ಹಳೆಯ ದೋಣಿ. ಅದಕ್ಕೆ ಬಿದಿರಿನ ಕಂಬ ನೆಟ್ಟು ನೀಲಿ ಟರ್ಪಾಲನ್ನು ಹಾಯಿ ಮಾಡಿ ಕಟ್ಟಿದ್ದರು.

'ಹಾಯಿ' ಎಂಬ ಮಾತನ್ನು ಸ್ವಲ್ಪ ಯೋಚಿಸಿ. ಮಲಯಾಳದಲ್ಲೂ ತಮಿಳಿನಲ್ಲೂ 'ಪಾಯ', 'ಪಾಯ್' ಎಂದರೆ ದೋಣಿಯ ಹಾಯಿಯೂ ಹೌದು, ಮಲಗುವ ಚಾಪೆಯೂ ಹೌದು. ನಾನು ಆರು ತಿಂಗಳು ಚಾಪೆ ಬಿಟ್ಟು ಏಳಲಿಲ್ಲ. ಮರಕಾಲರು ಅದನ್ನೇ ಎತ್ತಿ ಕಂಬಕ್ಕೆ ಕಟ್ಟಿದಂತಾಯಿತು.

ಈಗ ಗಾಳಿಯ ಸಂಗತಿ. ಕರಾವಳಿಯವರಿಗೆ ಗೊತ್ತು, ಬಯಲುಸೀಮೆಯ ಕೇಳುಗರಿಗಾಗಿ ಹೇಳುತ್ತೇನೆ. ಹಗಲು ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ನೆಲದ ಮೇಲಿನ ಬಿಸಿಗಾಳಿ ಮೇಲೇರಿದಾಗ ಆ ಜಾಗಕ್ಕೆ ಕಡಲಿನಿಂದ ತಂಪು ಗಾಳಿ ಬರುತ್ತದೆ. ರಾತ್ರಿ ನೆಲ ಬೇಗ ಆರುತ್ತದೆ, ಗಾಳಿ ತಿರುಗಿ ನೆಲದಿಂದ ಕಡಲಿಗೆ ಬೀಸುತ್ತದೆ. ಎಂಜಿನ್ ಬರುವ ಮೊದಲು ನಮ್ಮ ಮೀನುಗಾರರು ಬೆಳಗಿನ ಜಾವದ ನೆಲಗಾಳಿಯಲ್ಲಿ ಹೊರಟು, ಮಧ್ಯಾಹ್ನದ ಕಡಲಗಾಳಿಯಲ್ಲಿ ಮರಳುತ್ತಿದ್ದರು. ನಾವಿಬ್ಬರು ಹೋಗುತ್ತಿದ್ದದ್ದು ಸಂಜೆ ನಾಲ್ಕಕ್ಕೆ. ಅಳಿವೆಯ ಬಾಯಿಯ ಕಡೆಗೆ ಹುಟ್ಟು ಹಾಕಿಕೊಂಡು ಹೋಗುವುದು, ಮರಳುವಾಗ ಹಾಯಿ ಏರಿಸುವುದು. ಹೊರಗಿನ ಕಡಲಿಗೆ ಒಮ್ಮೆಯೂ ಹೋದದ್ದಿಲ್ಲ.

ಮೊದಲ ದಿನ ಕೈಯಲ್ಲಿ ಬೊಕ್ಕೆ ಬಂತು. ಎರಡನೆಯ ದಿನ ಹೋಗುವುದಿಲ್ಲ ಎಂದುಕೊಂಡೆ, ಅವರು ಬಂದು ನಿಂತಿದ್ದರಿಂದ ಹೋದೆ. ನಾಲ್ಕನೆಯ ದಿನ ಹಾಯಿಯ ಹಗ್ಗವನ್ನು ನನ್ನ ಕೈಗೆ ಕೊಟ್ಟರು. ಅದನ್ನು ಹಿಡಿದವನು ಬೇರೆ ಯೋಚನೆ ಮಾಡುವ ಹಾಗಿಲ್ಲ. ಗಾಳಿ ಕೆನ್ನೆಯ ಯಾವ ಬದಿಗೆ ತಾಗುತ್ತದೆ, ನೀರಿನ ಮೇಲೆ ಎಲ್ಲಿ ಕಪ್ಪು ಸುಕ್ಕು ಏಳುತ್ತದೆ, ಹಾಯಿಯ ಅಂಚು ಪಟಪಟ ಹೊಡೆದುಕೊಳ್ಳುತ್ತದೆಯೇ, ಹಗ್ಗ ಎಳೆಯಬೇಕೇ ಬಿಡಬೇಕೇ ಎಂದು ನೋಡುತ್ತಲೇ ಇರಬೇಕು. ಅರ್ಧ ಗಂಟೆಯ ನಂತರ ಒಂದು ಸಂಗತಿ ಹೊಳೆಯಿತು. ಆ ಅರ್ಧ ಗಂಟೆಯಲ್ಲಿ ನಾನು ಟ್ಯಾಲಿ ಆಗದ ನೂರು ರೂಪಾಯಿಯನ್ನು ನೆನೆದಿರಲಿಲ್ಲ.

ಮರಕಾಲರು ಮಾತು ಕಡಿಮೆ. 'ಯಾಕೆ ಬೇಸರ?' ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ನಾನು ಮರುದಿನ ಬರುತ್ತಿರಲಿಲ್ಲವೋ ಏನೋ. ಒಂದು ದಿನ ಗಾಳಿ ಜೋರಾಯಿತು. ನಾನು ಹಟ ಹಿಡಿದು ಹಗ್ಗ ಬಿಗಿ ಎಳೆದೆ, ದೋಣಿ ವಾಲಿತು. 'ಬಿಡಿ ರಾಯರೆ, ಬಿಟ್ಟರೆ ದೋಣಿ ನೆಟ್ಟಗಾಗುತ್ತದೆ' ಎಂದರು. ಬಿಟ್ಟೆ, ನೆಟ್ಟಗಾಯಿತು. ದೊಡ್ಡ ಹಾಯಿದೋಣಿಗಳಲ್ಲಿಯೂ ಹೀಗೆಯೇ. ಬಿರುಗಾಳಿಗೆ ಹಾಯಿಯನ್ನು ಮಡಚಿ ಚಿಕ್ಕದು ಮಾಡುತ್ತಾರೆ. ಗಾಳಿ ಬರುವ ದಿಕ್ಕಿಗೆ ನೇರವಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಸಾಗಿ ಊರು ಮುಟ್ಟಬೇಕು. ನನ್ನ ಗುಣವಾಗುವಿಕೆಯೂ ಹಾಗೆಯೇ ಆಯಿತು. ನಾಲ್ಕು ದಿನ ಒಳ್ಳೆಯದು, ಎರಡು ದಿನ ಕೆಟ್ಟದ್ದು. ಫೆಬ್ರವರಿಯ ಹೊತ್ತಿಗೆ ಬೆಳಗ್ಗೆ ಐದೂವರೆಯವರೆಗೆ ನಿದ್ದೆ ಬರತೊಡಗಿತು.

ಹಾಗೆಂದು ಹಾಯಿದೋಣಿಯೇ ಮದ್ದು ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಕಡಲು ಎಲ್ಲರಿಗೂ ಒಂದೇ ಫಲ ಕೊಡುವುದಿಲ್ಲ. 1968ರಲ್ಲಿ ಮೊದಲ ಗೋಲ್ಡನ್ ಗ್ಲೋಬ್ ಪಂದ್ಯ ನಡೆಯಿತು. ಹೊರಟವರು ಒಂಬತ್ತು ಜನ, ಮುಗಿಸಿದವರು ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬರೇ, 312 ದಿನಗಳಲ್ಲಿ. ಅವರ 'ಸುಹೈಲಿ' ದೋಣಿ ನಮ್ಮ ಮುಂಬಯಿಯಲ್ಲೇ ತಯಾರಾದದ್ದು. ಹೊರಡುವ ಮೊದಲೂ ಮರಳಿದ ಮೇಲೂ ಮನೋವೈದ್ಯರು ಪರೀಕ್ಷಿಸಿ, ಇವರ ಮನಸ್ಸಿಗೆ ಏನೂ ಆಗಿಲ್ಲ ಎಂದರು. ಫ್ರಾನ್ಸಿನ ಬರ್ನಾರ್ ಮೊಯ್ತೆಸಿಯೆ ಎಂಬವರು ಗೆಲ್ಲುವ ಅವಕಾಶವಿದ್ದರೂ ಪಂದ್ಯ ಬಿಟ್ಟು, ಕಡಲಲ್ಲೇ ಸುಖವಿದೆ ಎಂದು ತಾಹಿತಿ ದ್ವೀಪದವರೆಗೆ ಸಾಗಿದರು. ಅದೇ ಪಂದ್ಯದಲ್ಲಿದ್ದ ಡೊನಾಲ್ಡ್ ಕ್ರೋಹರ್ಸ್ಟ್ ಸಾಲದ ಹೊರೆ ಹೊತ್ತು ಹೊರಟವರು. ದಾರಿಯ ಸುಳ್ಳು ಲೆಕ್ಕ ಕಳಿಸುತ್ತಾ, ತಿಂಗಳುಗಟ್ಟಲೆ ಒಂಟಿಯಾಗಿ ಇದ್ದು, ಮನಸ್ಸಿನ ಹತೋಟಿ ಕಳೆದುಕೊಂಡರು. 1969ರ ಜುಲೈ 10ರಂದು ಅವರ ದೋಣಿ ಅಟ್ಲಾಂಟಿಕ್ ಸಾಗರದಲ್ಲಿ ಸಿಕ್ಕಿತು, ಅವರು ಸಿಗಲಿಲ್ಲ. ಲೆಕ್ಕ ಬರೆದು ಬದುಕಿದ ನನಗೆ ಈ ಸಂಗತಿ ಓದಿದಾಗ ಎದೆ ನಡುಗಿತು. ಹೇಳಿಕೊಳ್ಳಲು ಯಾರೂ ಇಲ್ಲದ ಸುಳ್ಳು ಲೆಕ್ಕ ಮನುಷ್ಯನನ್ನು ಮುಳುಗಿಸುತ್ತದೆ.

ಆದುದರಿಂದಲೇ ಜೊತೆ ಬೇಕು. ಇಂಗ್ಲೆಂಡಿನ ಎಲೆನ್ ಮ್ಯಾಕ್‌ಆರ್ಥರ್ ಎಂಬ ಮಹಿಳೆ 2005ರಲ್ಲಿ ಒಬ್ಬರೇ 71 ದಿನಗಳಲ್ಲಿ ಭೂಮಿ ಸುತ್ತಿ ದಾಖಲೆ ಮಾಡಿದವರು. ಅವರು 2003ರಲ್ಲಿ ಸ್ಥಾಪಿಸಿದ ಸಂಸ್ಥೆ, ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ ಎಳೆಯರನ್ನು ಹಾಯಿದೋಣಿಯಲ್ಲಿ ಕರೆದುಕೊಂಡು ಹೋಗುತ್ತದೆ. ರೋಗಿಯಾಗಿ ಮಲಗಿದ್ದ ಹುಡುಗ ಅಲ್ಲಿ ಹಗ್ಗ ಎಳೆಯುತ್ತಾನೆ, ಅಡಿಗೆ ಮಾಡುತ್ತಾನೆ, ಚುಕ್ಕಾಣಿ ಹಿಡಿಯುತ್ತಾನೆ. ನನ್ನಿಂದಲೂ ಆಗುತ್ತದೆ ಎಂಬ ಧೈರ್ಯ ಮರಳುತ್ತದೆ.

ನಮ್ಮ ಟೋಮಿಯವರ ಕತೆ ಅಲ್ಲಿಗೇ ನಿಲ್ಲಲಿಲ್ಲ. ಬೆನ್ನಿಗೆ ಟೈಟಾನಿಯಮ್ ಸರಳು ಹಾಕಿ ಶಸ್ತ್ರಚಿಕಿತ್ಸೆಯಾಯಿತು. ನಡೆಯುವುದನ್ನೇ ಮತ್ತೆ ಕಲಿತರು. 2022ರ ಸೆಪ್ಟೆಂಬರ್ 4ರಂದು ಅದೇ ಪಂದ್ಯಕ್ಕೆ ಮತ್ತೆ ಹೊರಟರು. 236 ದಿನಗಳ ನಂತರ, 2023ರ ಏಪ್ರಿಲ್ 29ರಂದು ಎರಡನೆಯವರಾಗಿ ದಡ ಸೇರಿದರು. ಮೊದಲು ಬಂದವರು ದಕ್ಷಿಣ ಆಫ್ರಿಕದ ಕರ್ಸ್ಟನ್ ನಾಯ್‌ಶೇಫರ್ ಎಂಬ ಮಹಿಳೆ. ಆ ರಾತ್ರಿ ನಮ್ಮ ಮನೆಯಲ್ಲಿ ಪಾಯಸ ಮಾಡಿಸಿದೆ. ಮರಕಾಲರಿಗೂ ಒಂದು ತೂಕುಪಾತ್ರೆಯಲ್ಲಿ ಕೊಂಡುಹೋದೆ.

ಸೊಲ್ಲಾಪುರ, ಜತ್ತ, ಆದೋನಿ, ತಾಳವಾಡಿಯ ಕೇಳುಗರು 'ನಮ್ಮಲ್ಲಿ ಅಳಿವೆ ಎಲ್ಲಿದೆ?' ಎಂದು ಕೇಳಬಹುದು. ದೋಣಿಯೇ ಆಗಬೇಕೆಂದಿಲ್ಲ. ಕೈಗೆ ದುಡಿಮೆ, ಕಣ್ಣಿಗೆ ಗಮನ, ಮೈಗೆ ಬಿಸಿಲು ಗಾಳಿ, ಪಕ್ಕದಲ್ಲಿ ಹೆಚ್ಚು ಪ್ರಶ್ನೆ ಕೇಳದ ಒಬ್ಬ ಮನುಷ್ಯ, ಇಷ್ಟಿದ್ದರೆ ಸಾಕು. ಮಗ್ಗವಾಗಲಿ, ಭಜನೆಯ ತಾಳವಾಗಲಿ, ಕುರಿ ಕಾಯುವುದಾಗಲಿ ಆದೀತು.

ನೀರಿಗೆ ಇಳಿಯುವವರು ಮಾತ್ರ ಕೆಲವು ಮಾತು ನೆನಪಿಡಿ. ಮನಸ್ಸು ತೀರ ಕುಸಿದವರು ಒಂಟಿಯಾಗಿ ನೀರಿನ ಬಳಿ ಹೋಗಬಾರದು. ಔಷಧಿಯಿಂದ ತೂಕಡಿಕೆ, ತಲೆಸುತ್ತು ಬರುವುದುಂಟು, ಡಾಕ್ಟರನ್ನು ಕೇಳಿಯೇ ಹೋಗಿ. ಈಜು ಬಂದರೂ ಲೈಫ್ ಜಾಕೆಟ್ ತೊಡಿ. ಮಳೆಗಾಲದಲ್ಲಿ ಬೇಡವೇ ಬೇಡ.

ಮನೆಯಲ್ಲಿ ಯಾರಾದರೂ ಊಟ ನಿದ್ದೆ ಬಿಟ್ಟು ಮೂಲೆ ಹಿಡಿದಿದ್ದರೆ ಎರಡು ವಾರಕ್ಕಿಂತ ಹೆಚ್ಚು ಕಾಯಬೇಡಿ. ಸಾಯುವ ಮಾತೇನಾದರೂ ಬಂದರೆ ಒಂದು ದಿನವೂ ಕಾಯಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬ ಸರಕಾರಿ ಯೋಜನೆಯಿದೆ. 1996ರಲ್ಲಿ ಶುರುವಾದ ಅದಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಸಂಸ್ಥೆ ನಡೆಸಿದ ಪ್ರಯೋಗ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ಉಚಿತ ಫೋನ್ ಸೇವೆಯೂ ಇದೆ. ಸಂಖ್ಯೆ 14416. ಹಗಲು ರಾತ್ರಿ ತೆರೆದಿರುತ್ತದೆ, ಭಾಷೆಯನ್ನು ಆರಿಸಿಕೊಳ್ಳಬಹುದು. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು.

ಗಡಿಯಲ್ಲಿರುವ ನಾವು ವ್ಯಾಪಾರ ಒಂದು ಭಾಷೆಯಲ್ಲಿ ಮಾಡುತ್ತೇವೆ, ಅರ್ಜಿ ಇನ್ನೊಂದರಲ್ಲಿ ಬರೆಯುತ್ತೇವೆ. ಸಂಕಟವನ್ನು ಮಾತ್ರ ಯಾವ ಭಾಷೆಯಲ್ಲೂ ಹೇಳದೆ ನುಂಗುತ್ತೇವೆ. ವಿಷಮವೆನ್ನಿ, ಬೇಸರವೆನ್ನಿ, ನಾಲಗೆಗೆ ಬಂದ ಮಾತಿನಲ್ಲಿ ಹೇಳಿ. ಕೇಳುವವರು ಒಬ್ಬರಾದರೂ ಇದ್ದೇ ಇರುತ್ತಾರೆ.

ಮರಕಾಲರಿಗೆ ಈಗ ವಯಸ್ಸಾಯಿತು, ಹುಟ್ಟು ಹಾಕಲು ಕೈ ಸಾಗುವುದಿಲ್ಲ. ಹುಟ್ಟು ನಾನು ಹಾಕುತ್ತೇನೆ, ಅವರು ಕುಳಿತು ಗಾಳಿ ಹೇಳುತ್ತಾರೆ. ನಾಲ್ಕು ಗಂಟೆಗೆ ಅವರು ಕಾಯುತ್ತಿರುತ್ತಾರೆ. ಆದುದರಿಂದ ನನ್ನ ಮಾತನ್ನು ಇಲ್ಲಿಗೆ ಮುಗಿಸುತ್ತೇನೆ.