ಹಿತ್ತಲ ಹಕ್ಕಿಯೂ ಕ್ಯಾಮೆರಾದ ಕಣ್ಣೂ

(ಹವ್ಯಾಸಿ ಛಾಯಾಗ್ರಾಹಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಹಕ್ಕಿಯ ಚಿತ್ರ ಬೇಕೆಂದರೆ ಕಾಡಿಗೇ ಹೋಗಬೇಕೆಂಬ ನಂಬಿಕೆ ನಮ್ಮಲ್ಲಿ ಅನೇಕರಿಗಿದೆ. ಆದರೆ ನಮ್ಮ ನಾಡಿನ ಚೆಲುವಾದ ಹಾಡುಹಕ್ಕಿಗಳಲ್ಲಿ ಹಲವು ತಾವಾಗಿಯೇ ನಮ್ಮ ಹಿತ್ತಲಿಗೆ ಬರುತ್ತವೆ. ದಾಸವಾಳದ ಹೂವಿಗೆ ಸೂರಕ್ಕಿ, ಕರಿಬೇವಿನ ಹಣ್ಣಿಗೆ ಪಿಕಳಾರ, ಬೆಳಗಿನ ಜಾವ ಮನೆಯ ಸೂರಿನ ಮೇಲೆ ಕುಳಿತು ಹಾಡಲು ಮಡಿವಾಳ ಹಕ್ಕಿ, ಅಗಲ ಎಲೆಗಳನ್ನು ಹೊಲಿದು ಗೂಡು ಕಟ್ಟಲು ಟುವ್ವಿ ಹಕ್ಕಿ. ಇವುಗಳ ಚಿತ್ರ ತೆಗೆಯಲು ನೂರಾರು ಮೈಲಿ ಪ್ರಯಾಣ ಬೇಕಿಲ್ಲ. ಬೇಕಾದದ್ದು ತಾಳ್ಮೆ, ಅದರ ಜೊತೆಗೆ ಒಂದು ಕಟ್ಟುಪಾಡು. ಆ ಕಟ್ಟುಪಾಡಿನ ಬಗೆಗೇ ನಾನು ಇಂದು ಮುಖ್ಯವಾಗಿ ಹೇಳಬೇಕಾಗಿದೆ.

ಮೊದಲು ಸ್ವಲ್ಪ ಇತಿಹಾಸ. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕೀರ್ಟನ್ ಎಂಬ ಸೋದರರು ಈ ಕಲೆಯ ಆದಿಪುರುಷರ ಸಾಲಿಗೆ ಸೇರಿದವರು. 1892ರಲ್ಲಿ ಅವರು ಮೊಟ್ಟೆಗಳಿದ್ದ ಹಕ್ಕಿಗೂಡೊಂದರ ಚಿತ್ರ ತೆಗೆದರು. 1895ರಲ್ಲಿ ಬ್ರಿಟನ್ನಿನ ಹಕ್ಕಿಗೂಡುಗಳ ಬಗ್ಗೆ ಛಾಯಾಚಿತ್ರಗಳಿಂದ ತುಂಬಿದ ಪುಸ್ತಕವನ್ನೇ ಹೊರತಂದರು. ಹಕ್ಕಿಗಳಿಗೆ ಕಾಣದಂತೆ ಅಡಗಿಕೊಳ್ಳಲು ಎತ್ತಿನ ಚರ್ಮದಿಂದ ಟೊಳ್ಳು ಎತ್ತೊಂದನ್ನು ಮಾಡಿಸಿ, ಅದರ ಹೊಟ್ಟೆಯೊಳಗೆ ಹೊಕ್ಕು ಚಿತ್ರ ತೆಗೆದ ಸಾಹಸಿಗಳು ಅವರು!

ಅವರು ಗೂಡನ್ನೇ ಏಕೆ ಆರಿಸಿಕೊಂಡರು? ಕಾರಣ ಸರಳ. ಅಂದಿನ ಗಾಜಿನ ಫಲಕಗಳು ಬೆಳಕನ್ನು ಬಹಳ ನಿಧಾನವಾಗಿ ಹಿಡಿಯುತ್ತಿದ್ದವು. ಕ್ಯಾಮೆರಾಗಳು ಭಾರವಾಗಿದ್ದವು. ಹಾಡುಹಕ್ಕಿಯೋ ಒಂದು ಕ್ಷಣ ಕೂತಲ್ಲಿ ಕೂರುವುದಿಲ್ಲ. ಆದರೆ ಮರಿಗಳಿರುವ ಗೂಡಿಗೆ ಅದು ಮತ್ತೆ ಮತ್ತೆ ಬರಲೇಬೇಕು. ಮುಂದೆ ಫಿಲ್ಮ್ ಬಂದಾಗಲೂ ಪರಿಸ್ಥಿತಿ ಪೂರ್ತಿ ಬದಲಾಗಲಿಲ್ಲ. ಒಂದು ರೋಲಿಗೆ 36 ಚಿತ್ರ. ತೊಳೆಸಿ ನೋಡುವವರೆಗೂ ಫಲ ಗೊತ್ತಿಲ್ಲ. ಮದರಾಸಿನ ಎಂ. ಕೃಷ್ಣನ್ (1912-1996), ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932-2017), ಮೂಡಿಗೆರೆಯ ನಮ್ಮ ಪೂರ್ಣಚಂದ್ರ ತೇಜಸ್ವಿ (1938-2007) ಮೊದಲಾದವರು ಈ ಮಿತಿಗಳ ನಡುವೆಯೇ ಪಳಗಿದವರು.

ಇಂದು ಆ ಮಿತಿಗಳು ಇಲ್ಲ. ಡಿಜಿಟಲ್ ಕ್ಯಾಮೆರಾ ಮಂದ ಬೆಳಕಿನಲ್ಲೂ ಕೆಲಸ ಮಾಡುತ್ತದೆ. ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ರೆಕ್ಕೆಯ ಬಡಿತವನ್ನೂ ಹಿಡಿದು ನಿಲ್ಲಿಸುತ್ತದೆ. ಆದರೂ ಗೂಡಿನ ಹತ್ತಿರ ಹೋಗುವ ಹಳೆಯ ಅಭ್ಯಾಸ ಮಾತ್ರ ಬಿಟ್ಟಿಲ್ಲ. ಅಗತ್ಯ ಹೋಯಿತು, ಚಟ ಉಳಿಯಿತು.

ಇದರಿಂದಾಗುವ ಅನಾಹುತವನ್ನು ವಿವರಿಸುತ್ತೇನೆ. ಪಿಕಳಾರ ಮೊಟ್ಟೆಗೆ ಕಾವು ಕೊಡುವುದು ಸುಮಾರು 12 ದಿನ. ಮರಿಗಳು ಗೂಡಿನಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ ದಿನ. ಈ ಮೂರು ನಾಲ್ಕು ವಾರಗಳಲ್ಲಿ ಗೂಡಿನ ರಕ್ಷಣೆಯೆಲ್ಲ ಎಲೆಗಳ ಮರೆಯಲ್ಲಿದೆ. ಚಿತ್ರಕ್ಕೆ ಅಡ್ಡ ಬಂತೆಂದು ಒಂದು ರೆಂಬೆಯನ್ನು ಬಗ್ಗಿಸಿ ಕಟ್ಟಿದರೆ, ಇಲ್ಲವೆ ನಾಲ್ಕು ಎಲೆ ಕಿತ್ತರೆ, ಆ ಸಂದಿಯಿಂದ ಬಿಸಿಲು ಒಳಗೆ ಬೀಳುತ್ತದೆ. ಪುಕ್ಕ ಮೂಡದ ಮರಿ ಬಿಸಿಲನ್ನು ತಾಳದು. ಕಾಗೆ, ಕೆಂಬೂತ, ಬೆಕ್ಕು, ಹಾವುಗಳಿಗೂ ಗೂಡಿನ ದಾರಿ ತೆರೆದಂತಾಗುತ್ತದೆ. ನಾವು ಹತ್ತಿರ ನಿಂತಷ್ಟು ಹೊತ್ತೂ ತಾಯಿ ಬಾಯಲ್ಲಿ ಹುಳು ಕಚ್ಚಿಕೊಂಡು ದೂರದಲ್ಲೇ ಚಡಪಡಿಸುತ್ತದೆ. ಮಕರಂದ ಕುಡಿಯುವ ಸೂರಕ್ಕಿಯೂ ಮರಿಗಳಿಗೆ ಹುಳು, ಜೇಡಗಳನ್ನೇ ಉಣಿಸಬೇಕು. ತಪ್ಪಿದ ತುತ್ತು ತಪ್ಪಿದ್ದೇ.

ಕಾನೂನು ಕೂಡ ಇದನ್ನು ಹಗುರವಾಗಿ ಕಂಡಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬ ಶಬ್ದಕ್ಕೆ ಕೊಟ್ಟಿರುವ ಅರ್ಥದಲ್ಲಿ ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ. ಕೋವಿ ಹಿಡಿದರೆ ಮಾತ್ರ ಬೇಟೆಗಾರ ಎಂದು ತಿಳಿಯಬೇಕಾಗಿಲ್ಲ.

ಇನ್ನೊಂದು ಹೊಸ ಚಟ, ಮೊಬೈಲಿನಲ್ಲಿ ಹಕ್ಕಿಯ ಹಾಡನ್ನು ನುಡಿಸಿ ಅದನ್ನು ಹತ್ತಿರ ಕರೆಯುವುದು. ಗಂಡು ಮಡಿವಾಳ ಹಾಡುವುದು ನಮ್ಮ ಮನರಂಜನೆಗಲ್ಲ. 'ಇದು ನನ್ನ ಗಡಿ' ಎಂದು ಸಾರುವುದಕ್ಕೆ. ಯಂತ್ರದ ಹಾಡು ಕೇಳಿದೊಡನೆ ಎದುರಾಳಿ ಬಂದನೆಂದು ಅದು ಮೇವು, ಮರಿಗಳನ್ನು ಬಿಟ್ಟು ಇಲ್ಲದ ಶತ್ರುವನ್ನು ಹುಡುಕುತ್ತ ಅಲೆಯುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಹಕ್ಕಿಯನ್ನು ಅಟ್ಟಿಸಿಕೊಂಡು ಹೋಗುವ ಬದಲು ಅದು ಬರುವಂತೆ ಮಾಡುವುದು. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಒಂದೆರಡು ಅಂಗುಲ ನೀರು ತುಂಬಿ, ಬೆಕ್ಕು ಹೊಂಚುಹಾಕಲು ಪೊದೆಯಿಲ್ಲದ ಕಡೆ ಇಡಿ. ನೀರನ್ನು ದಿನವೂ ಬದಲಿಸಿ. ಪಕ್ಕದಲ್ಲಿ ಒಂದು ಒಣ ಕಡ್ಡಿ ನೆಡಿ. ಹಕ್ಕಿ ನೀರಿಗಿಳಿಯುವ ಮೊದಲು ಅದರ ಮೇಲೆ ಕುಳಿತು ಸುತ್ತ ನೋಡುವ ಸಂಭವ ಹೆಚ್ಚು. ನಿಮ್ಮ ಚಿತ್ರ ಸಿಗುವುದು ಅಲ್ಲಿ. ಹಿಂದಿನ ಗೋಡೆಯೋ ಗಿಡಗಳೋ ಹತ್ತು ಹನ್ನೆರಡು ಅಡಿ ದೂರವಿದ್ದರೆ ಹಿನ್ನೆಲೆ ತಿಳಿಯಾಗಿ ಕರಗುತ್ತದೆ. ಕೀರ್ಟನ್ ಸೋದರರ ಟೊಳ್ಳು ಎತ್ತು ನಮಗೆ ಬೇಡ. ಅಡುಗೆಮನೆಯ ಕಿಟಕಿಗೆ ಪರದೆ ಬಿಟ್ಟು, ಅದರ ಸಂದಿಯಿಂದ ಲೆನ್ಸ್ ಚಾಚಿ, ಅಲುಗಾಡದೆ ಕುಳಿತರೆ ಸಾಕು.

ಬಣ್ಣದ ಗುಟ್ಟನ್ನೂ ತಿಳಿದಿರಬೇಕು. ಹೊನ್ನಕ್ಕಿಯ ಹಳದಿ ಆಹಾರದಿಂದ ಬಂದ ವರ್ಣದ್ರವ್ಯ. ಯಾವ ಕಡೆಯಿಂದ ನೋಡಿದರೂ ಹಳದಿಯೇ. ಗಂಡು ಸೂರಕ್ಕಿಯ ನೇರಳೆ ಹೊಳಪು ಹಾಗಲ್ಲ. ಅದು ಗರಿಯ ಅತಿಸೂಕ್ಷ್ಮ ಪದರಗಳು ಬೆಳಕನ್ನು ಪ್ರತಿಫಲಿಸುವ ರೀತಿಯಿಂದ ಹುಟ್ಟಿದ್ದು. ಬೆಳಕಿನ ಕೋನ ತಪ್ಪಿದರೆ ಅದೇ ಹಕ್ಕಿ ಮಸಿಯಂತೆ ಕಾಣುತ್ತದೆ. ಆದ್ದರಿಂದ ಬೆಳಗಿನ ಎಳೆಬಿಸಿಲಿನಲ್ಲಿ, ಸೂರ್ಯ ನಿಮ್ಮ ಬೆನ್ನಿಗಿರುವಂತೆ ಕುಳಿತುಕೊಳ್ಳಿ. ಮಡಿವಾಳದ ಮೈಮೇಲೆ ಕಪ್ಪು ಬಿಳಿ ಎರಡೂ ಇವೆ. ಬಿಳಿ ಭಾಗದ ವಿವರ ಅಳಿಸಿಹೋಗದಂತೆ ಬೆಳಕನ್ನು ತುಸು ತಗ್ಗಿಸಿ. ಯಾವ ಹಕ್ಕಿಯಾದರೂ ಕಣ್ಣು ಸ್ಪಷ್ಟವಾಗಿದ್ದರೆ ಚಿತ್ರಕ್ಕೆ ಜೀವ ಬರುತ್ತದೆ. ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನೂ ಅನೇಕ ಹಕ್ಕಿಗಳು ಕಾಣಬಲ್ಲವು. ಅಂದಮೇಲೆ ಸೂರಕ್ಕಿಗೆ ಅದರ ಸಂಗಾತಿ ಕಾಣುವ ಬಗೆಯನ್ನು ನಮ್ಮ ಯಾವ ಚಿತ್ರವೂ ಪೂರ್ತಿ ತೋರಿಸಲಾರದು.

ಕೊನೆಯದಾಗಿ ಹಿತ್ತಲಿನ ಮಾತು. ಪಟ್ಟಣಗಳಲ್ಲಿ ನಿವೇಶನದ ಅಂಚಿನವರೆಗೂ ಮನೆ ಕಟ್ಟಿ, ಉಳಿದ ಗೇಣು ನೆಲಕ್ಕೂ ಸಿಮೆಂಟು ಬಳಿಯುತ್ತಿದ್ದೇವೆ. ಹೂವಿಲ್ಲದ ಕಡೆ ಸೂರಕ್ಕಿಯಿಲ್ಲ. ಹುಳುವಿಲ್ಲದ ಕಡೆ ಇಂಥ ಹಕ್ಕಿಗಳ ಮರಿಗಳೂ ಇಲ್ಲ. ಕೀಟನಾಶಕ ಸಿಂಪಡಿಸಿದ ಕೈತೋಟದಲ್ಲಿ ಎಷ್ಟು ಬೆಲೆಯ ಲೆನ್ಸ್ ಹಿಡಿದು ಕುಳಿತರೂ ಫಲವಿಲ್ಲ. ಹೊಸ ಲೆನ್ಸಿಗೆಂದು ಹಣ ಕೂಡಿಡುತ್ತಿರುವ ಮಿತ್ರರಿಗೆ ನನ್ನ ವಿನಂತಿ ಇಷ್ಟೇ. ಈ ಮುಂಗಾರಿನಲ್ಲಿ ಒಂದು ದಾಸವಾಳದ ಕಡ್ಡಿ, ಒಂದು ಕೇಪಳದ ಗಿಡ ನೆಡಿ. ತಾರಸಿ ಮಾತ್ರ ಇರುವವರು ಕುಂಡದಲ್ಲಿ ನೆಡಿ. ಅದು ಹೂ ಬಿಡುವ ಹೊತ್ತಿಗೆ ಕಿಟಕಿಯ ಹಿಂದೆ ಕುಳಿತು ಕಾಯುವುದು ನಿಮಗೂ ರೂಢಿಯಾಗಿರುತ್ತದೆ.