ಮೂಕಪ್ರಾಣಿಯ ಎಚ್ಚರಿಕೆ, ಮನುಷ್ಯನ ಮನಸ್ಸು



ವೃಷಭನಾಥರ ಪೀಠದಲ್ಲಿ ವೃಷಭ, ಅಭಿನಂದನನಾಥರ ಪೀಠದಲ್ಲಿ ಕಪಿ, ಶಾಂತಿನಾಥರ ಪೀಠದಲ್ಲಿ ಜಿಂಕೆ. ಬಸದಿಗೆ ಬರುವ ಮಕ್ಕಳೂ ಈ ಲಾಂಛನಗಳನ್ನು ಬಲ್ಲರು. ಚಂದ್ರಗುತ್ತಿಯ ಸೀಮೆಯವರಿಗೆ ಇವು ಕಲ್ಲಿನ ಕೆತ್ತನೆಗಳು ಮಾತ್ರವಲ್ಲ. ದಿನಬೆಳಗಾದರೆ ಕಣ್ಣಿಗೆ ಬೀಳುವ ನೆರೆಯವರು. ಎತ್ತು ಕೊಟ್ಟಿಗೆಯಲ್ಲಿದೆ, ಮಂಗ ತೋಟದಲ್ಲಿದೆ, ಜಿಂಕೆ ಕಾಡಿನಂಚಿನಲ್ಲಿದೆ. ಶರೀರದ ಆರೋಗ್ಯವನ್ನೂ ಮನಸ್ಸಿನ ಆರೋಗ್ಯವನ್ನೂ ಕುರಿತು ಮನುಷ್ಯನು ಇವುಗಳಿಂದ ಕಲಿಯಬೇಕಾದುದು ಬಹಳವಿದೆ. ಅಂತಹ ಒಂದು ಪಾಠವನ್ನು ಜಗತ್ತು ಕಲಿತದ್ದು ಇದೇ ಸೊರಬ ತಾಲ್ಲೂಕಿನಲ್ಲಿ.

1957ರಲ್ಲಿ ಈ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಕೋತಿಗಳೂ ಕರಿಮೋರೆಯ ಮುಸುವಗಳೂ ಒಂದರ ಹಿಂದೊಂದು ಸತ್ತು ಬೀಳತೊಡಗಿದವು. ಅದೇ ಕಾಲದಲ್ಲಿ ಸೌದೆಗೆ, ಸೊಪ್ಪಿಗೆ, ದನ ಮೇಯಿಸಲು ಕಾಡಿಗೆ ಹೋಗಿಬಂದವರು ಹಾಸಿಗೆ ಹಿಡಿದರು. ಇದ್ದಕ್ಕಿದ್ದಂತೆ ಏರುವ ಉರಿಜ್ವರ, ಸಹಿಸಲಾಗದ ತಲೆನೋವು, ಮೈಕೈ ನೋವು, ಕೆಂಪಡರಿದ ಕಣ್ಣು, ಕೆಲವರಿಗೆ ರಕ್ತಸ್ರಾವ. 1952ರಲ್ಲಿ ಪುಣೆಯಲ್ಲಿ ಸ್ಥಾಪನೆಯಾಗಿದ್ದ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದರು. ಮಂಗವೂ ಮನುಷ್ಯನೂ ಒಟ್ಟಿಗೆ ಸಾಯುತ್ತಿರುವುದನ್ನು ಕಂಡು, ದಕ್ಷಿಣ ಅಮೆರಿಕದ ಕಾಡುಗಳ ಹಳದಿ ಜ್ವರವೇ ಭಾರತಕ್ಕೆ ಬಂದಿತೇ ಎಂದು ಅವರು ಮೊದಲು ಶಂಕಿಸಿದರು. ಪರೀಕ್ಷೆಯಿಂದ ಹೊರಬಿದ್ದುದು ಬೇರೆ ಸಂಗತಿ. ಅದು ಅಂದಿನವರೆಗೆ ಯಾರೂ ಗುರುತಿಸದಿದ್ದ ವೈರಾಣು. ರಷ್ಯಾದ ಕಾಡುಗಳಲ್ಲಿ ಮಿದುಳುಜ್ವರವನ್ನುಂಟುಮಾಡುವ ವೈರಾಣುವಿನ ಬಳಗಕ್ಕೆ ಸೇರಿದುದು. ಅದಕ್ಕೆ ಕ್ಯಾಸನೂರಿನ ಹೆಸರನ್ನೇ ಇಟ್ಟರು. ಜನರ ಬಾಯಲ್ಲಿ ಅದು ಮಂಗನ ಕಾಯಿಲೆಯಾಯಿತು.

ಈ ಹೆಸರು ಮಂಗಕ್ಕೆ ಮಾಡಿದ ಅನ್ಯಾಯವೆಂದರೆ ತಪ್ಪಾಗದು. ಮನುಷ್ಯನಿಗೆ ರೋಗ ತಗಲಿಸುವುದು ಮುಖ್ಯವಾಗಿ ಉಣ್ಣೆ. ಮಲೆನಾಡಿಗರು ಉಣುಗು ಎನ್ನುವ ಸಣ್ಣ ಜೀವಿ. ಅದರ ಮರಿಯು ಎಳ್ಳುಕಾಳಿಗಿಂತಲೂ ಚಿಕ್ಕದಾಗಿದ್ದು ತರಗೆಲೆಗಳ ನಡುವೆ ಕಾದಿರುತ್ತದೆ. ಕಾಡಿನ ಇಲಿ, ಹೆಗ್ಗಣಗಳಂತಹ ಸಣ್ಣ ಪ್ರಾಣಿಗಳಲ್ಲಿಯೂ ಉಣುಗಿನಲ್ಲಿಯೂ ವೈರಾಣು ಸದ್ದಿಲ್ಲದೆ ಉಳಿದಿರುತ್ತದೆ. ಮಂಗಕ್ಕೆ ತಗಲಿದಾಗ ಮಂಗ ಸಾಯುತ್ತದೆ. ತಣ್ಣಗಾದ ಕಳೇಬರವನ್ನು ಬಿಟ್ಟು ಉಣುಗುಗಳು ಸುತ್ತಲೂ ಹರಡುತ್ತವೆ. ಮೇಯಲು ಹೋದ ದನಗಳ ಮೈಯಲ್ಲಿ ಬೆಳೆದ ಉಣುಗುಗಳು ರಕ್ತ ಹೀರಿ ಅಸಂಖ್ಯ ಮೊಟ್ಟೆಗಳನ್ನಿಡುತ್ತವೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ರೈತನು ಸೊಪ್ಪಿನಬೆಟ್ಟಕ್ಕೆ ಹೆಚ್ಚಾಗಿ ಹೋಗುವ ಕಾಲದಲ್ಲಿಯೇ ಅಪಾಯವೂ ಹೆಚ್ಚು. ಆದುದರಿಂದ ಮಂಗವು ಅಪರಾಧಿಯಲ್ಲ; ಮನುಷ್ಯನಿಗಿಂತ ಮೊದಲು ಸತ್ತು ಎಚ್ಚರಿಕೆ ಕೊಡುವ ದೂತ. ಆ ಎಚ್ಚರಿಕೆಯನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಮನುಷ್ಯನ ಮನಸ್ಸು ಇದೆಯೇ ಎಂಬುದೇ ಪ್ರಶ್ನೆ.

ಭಯ, ಶೋಕ, ಜುಗುಪ್ಸೆಗಳನ್ನು ಜೈನಶಾಸ್ತ್ರವು ನೋಕಷಾಯಗಳೆಂದು ಎಣಿಸಿದೆ. ಕ್ರೋಧ, ಮಾನ, ಮಾಯೆ, ಲೋಭಗಳನ್ನು ಕಷಾಯಗಳೆಂದು ಹೇಳಿದೆ. ಇವು ಗ್ರಂಥದಲ್ಲಿ ಮಾತ್ರ ಇರುವ ಶಬ್ದಗಳಲ್ಲ. ಸತ್ತ ಮಂಗವೊಂದು ತೋಟದ ಬದಿಯಲ್ಲಿ ಬಿದ್ದ ದಿನ ಇವೆಲ್ಲವೂ ಒಂದೇ ಮನೆಯಲ್ಲಿ ಏಳಬಹುದು. ಭಯಗೊಂಡವನು ಸುದ್ದಿಯನ್ನು ಮುಚ್ಚಿಡುತ್ತಾನೆ. ಕೋಪಗೊಂಡವನು ಉಳಿದ ಮಂಗಗಳನ್ನು ಅಟ್ಟಲು ಹೊರಡುತ್ತಾನೆ. ಹಾಗೆ ಅಟ್ಟಿದ ಹಿಂಡು ತನ್ನ ಮೈಮೇಲಿನ ಉಣುಗನ್ನು ಪಕ್ಕದ ಕಾಡಿಗೆ ಒಯ್ಯುತ್ತದೆ. ಜುಗುಪ್ಸೆಗೊಂಡವನು ಜ್ವರಪೀಡಿತನ ಮನೆಯತ್ತ ಸುಳಿಯುವುದಿಲ್ಲ. ಆದರೆ ಈ ರೋಗವು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ತನಗೇನೂ ಆಗದೆಂಬ ಮಾನವುಳ್ಳವನು ಬರಿಗಾಲಿನಲ್ಲಿ ಕಾಡಿಗೆ ನಡೆಯುತ್ತಾನೆ. ಈ ನಾಲ್ವರಲ್ಲಿ ಒಬ್ಬನೂ ಕೆಟ್ಟವನಲ್ಲ. ಆದರೆ ಒಬ್ಬೊಬ್ಬನ ಭಾವವೂ ಅವನ ಕಣ್ಣಿಗೆ ತೆರೆಯೆಳೆದು, ನಿಜವಾದ ಕಾರಣವನ್ನು ಕಾಣದಂತೆ ಮಾಡಿದೆ.

ಲೋಭದ ಮಾತನ್ನು ಬೇರೆಯಾಗಿ ಹೇಳಬೇಕು. 1982-83ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನಲ್ಲಿ ಈ ರೋಗ ಹಿಂದೆಂದೂ ಕಾಣದಷ್ಟು ಉಗ್ರವಾಗಿ ತೋರಿತು. ಗೇರುತೋಟಕ್ಕಾಗಿ ಕಾಡು ಕಡಿದ ಸ್ಥಳದಿಂದ ಅದು ಹಬ್ಬಿತು. ಕಡಿಯಲು ಹೋದ ಕೂಲಿಗಾರರೇ ಮೊದಲು ನರಳಿದರು. ಲಾಭದ ಆಸೆ ಒಬ್ಬರದು, ಜ್ವರ ಇನ್ನೊಬ್ಬರದು. ಕಾಡಿನ ಒಡಲನ್ನು ಕಲಕಿದರೆ ಅದರೊಳಗೆ ಅಡಗಿದುದು ಮೇಲೆ ಬರುತ್ತದೆ ಎಂಬುದನ್ನು ಆ ವರ್ಷಗಳು ಕಲಿಸಿದವು.

ಹಾಗಾದರೆ ಭಯವನ್ನೇ ತ್ಯಜಿಸಬೇಕೇ? ಗೃಹಸ್ಥನಿಗೆ ಅದು ಸಾಧ್ಯವೂ ಅಲ್ಲ, ಹಿತವೂ ಅಲ್ಲ. ಇಲ್ಲಿ ಜಿಂಕೆಯನ್ನು ನೋಡಬೇಕು. ಮರದ ಮೇಲಿನ ಮುಸುವವು ಹುಲಿಯನ್ನೋ ಚಿರತೆಯನ್ನೋ ಕಂಡು ಕೂಗಿದೊಡನೆ ಕೆಳಗಿನ ಜಿಂಕೆಗಳು ಕಿವಿ ನಿಮಿರಿಸಿ ನಿಲ್ಲುತ್ತವೆ, ಅಗತ್ಯವಾದರೆ ಓಡುತ್ತವೆ. ಅಪಾಯ ಕಳೆದ ಮೇಲೆ ಮತ್ತೆ ತಲೆ ತಗ್ಗಿಸಿ ಮೇಯುತ್ತವೆ. ಮನುಷ್ಯನಾದರೋ ಹಗಲಿನ ಭಯವನ್ನು ರಾತ್ರಿಯ ಹಾಸಿಗೆಗೂ, ಇಂದಿನ ಕೋಪವನ್ನು ಬರುವ ವರ್ಷಕ್ಕೂ ಕೊಂಡೊಯ್ಯುತ್ತಾನೆ. ಹುಲಿ ಹೋದ ಮೇಲೂ ಓಡುತ್ತಿರುವ ಜಿಂಕೆಯಂತೆ ಅವನ ಹೃದಯ ಬಡಿದುಕೊಳ್ಳುತ್ತಿರುತ್ತದೆ. ರಕ್ತದೊತ್ತಡ ಏರುವುದು, ನಿದ್ರೆ ಕೆಡುವುದು, ಹಸಿವು ಅಡಗುವುದು ಇದರ ಫಲ.

ಇದು ಉಪಮಾನ ಮಾತ್ರವಲ್ಲವೆಂಬುದನ್ನು ವೈದ್ಯಶಾಸ್ತ್ರವು ಪ್ರಾಣಿಯಿಂದಲೇ ತಿಳಿಯಿತು. 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಎಂಬ ವಿಜ್ಞಾನಿಯು ಬೆಕ್ಕಿನ ಜಠರದ ಚಲನೆಯನ್ನು ಕ್ಷ-ಕಿರಣದ ಮೂಲಕ ನೋಡುತ್ತಿದ್ದನು. ಬೆಕ್ಕು ಕಳವಳಗೊಂಡೊಡನೆ ಜಠರವು ತನ್ನ ಕೆಲಸವನ್ನು ನಿಲ್ಲಿಸುತ್ತಿತ್ತು. ಸಮಾಧಾನಗೊಂಡೊಡನೆ ಮತ್ತೆ ಆರಂಭಿಸುತ್ತಿತ್ತು. ಕೋಪದಲ್ಲಿ ಉಂಡ ಅನ್ನ ಮೈಗೆ ಹತ್ತದೆಂಬ ಹಿರಿಯರ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಊಟದ ಹೊತ್ತಿನಲ್ಲಿ ಜಗಳದ ಮಾತನ್ನು ಎತ್ತದಿರುವುದು ಮನೆಯ ಆರೋಗ್ಯಕ್ಕೆ ದೊಡ್ಡ ಔಷಧ.

ಸಮಾಧಾನ ಬರುವುದು ಹೇಗೆ? ಇದನ್ನೂ ಮಂಗದಿಂದಲೇ ಕಲಿಯಬಹುದು. ಮಂಗಗಳು ಒಂದರ ಮೈಯನ್ನು ಇನ್ನೊಂದು ಹೆಕ್ಕುತ್ತ ಗಂಟೆಗಟ್ಟಲೆ ಕುಳಿತಿರುವುದನ್ನು ಎಲ್ಲರೂ ಕಂಡಿದ್ದಾರೆ. ಅದರಿಂದ ಮೈಮೇಲಿನ ಹುಳುಗಳು ಹೋಗುತ್ತವೆ; ಹಾಗೆ ಹೆಕ್ಕಿಸಿಕೊಳ್ಳುವಾಗ ಮಂಗದ ಹೃದಯಬಡಿತ ನಿಧಾನಗೊಳ್ಳುವುದನ್ನು ಸಂಶೋಧಕರು ಅಳೆದು ನೋಡಿದ್ದಾರೆ. ಒಂದೇ ಕೈ ಮೈಯನ್ನೂ ಕಾಯುತ್ತದೆ, ಮನಸ್ಸನ್ನೂ ತಣಿಸುತ್ತದೆ. ಕಾಡಿನಿಂದ ಬಂದ ಗಂಡನ ಬೆನ್ನು, ಮಗನ ಕಿವಿಯ ಹಿಂದು, ಅಜ್ಜನ ಕಾಲಸಂದುಗಳನ್ನು ಮನೆಯವರು ದೀಪದ ಬೆಳಕಿನಲ್ಲಿ ನೋಡಿ ಉಣುಗನ್ನು ತೆಗೆದರೆ ಅದು ಚಿಕಿತ್ಸೆಯೂ ಹೌದು, ವಾತ್ಸಲ್ಯವೂ ಹೌದು. ಮಾತು ಬಿಟ್ಟ ಅಣ್ಣತಮ್ಮಂದಿರೂ ಇಷ್ಟನ್ನು ಒಬ್ಬರಿಗೊಬ್ಬರು ಮಾಡಬಹುದು.

ಉಳಿದ ಕರ್ತವ್ಯಗಳು ಸರಳವಾದವು. ಬೇಸಿಗೆಯಲ್ಲಿ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ತೊಡಬೇಕು. ಆರೋಗ್ಯ ಇಲಾಖೆಯವರು ಕೊಡುವ ಉಣುಗು ನಿವಾರಕ ತೈಲವನ್ನು ಕೈಕಾಲುಗಳಿಗೆ ಹಚ್ಚಿಕೊಳ್ಳಬೇಕು. ತರಗೆಲೆಯ ಮೇಲೆ ಕೂರಬಾರದು, ಮಲಗಬಾರದು. ಮರಳಿದೊಡನೆ ಬಿಸಿನೀರು, ಸಾಬೂನಿನಿಂದ ಮಿಂದು ಬಟ್ಟೆಯನ್ನು ಒಗೆಯಬೇಕು. ಸತ್ತ ಮಂಗ ಕಂಡರೆ ಮುಟ್ಟದೆ, ಮುಚ್ಚಿಡದೆ, ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ಜ್ವರ ಬಂದರೆ ನಾಳೆ ನೋಡೋಣವೆನ್ನದೆ ಆಸ್ಪತ್ರೆಗೆ ಹೋಗಬೇಕು. ಈ ರೋಗಕ್ಕೆಂದೇ ಮೀಸಲಾದ ಔಷಧವಿಲ್ಲ. ಹಳೆಯ ಲಸಿಕೆಯ ಬಳಕೆಯೂ 2022ರಲ್ಲಿ ನಿಂತಿತು. ಆದರೆ ತಡಮಾಡದೆ ಹೋದವರಿಗೆ ಸರಿಯಾದ ಆರೈಕೆ ದೊರೆತರೆ ಬಹುಪಾಲು ಜನ ಗುಣವಾಗುತ್ತಾರೆ. ನೂರರಲ್ಲಿ ಮೂವರೋ ಐವರೋ ಸಾಯುವ ಈ ರೋಗದಲ್ಲಿ ತಡಮಾಡಿದ ಒಂದು ದಿನಕ್ಕೂ ಬೆಲೆಯಿದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನು ಕಳೆದುಕೊಂಡ ಮನೆಗಳನ್ನು ನೆನೆದರೆ ಈ ಮಾತಿನ ಭಾರ ತಿಳಿಯುತ್ತದೆ.

ಭಾವಗಳನ್ನು ಆಳುವುದೆಂದರೆ ಅವುಗಳನ್ನು ಕೊಲ್ಲುವುದಲ್ಲ; ಅವುಗಳಿಗೆ ತಕ್ಕ ಕೆಲಸವನ್ನು ಒಪ್ಪಿಸುವುದು. ಭಯವು ಎಚ್ಚರವಾಗಲಿ, ಶೋಕವು ನೊಂದ ಮನೆಗೆ ನೆರವಾಗಲಿ, ಕೋಪವು ಮಂಗದ ಮೇಲೆ ಹರಿಯದೆ ತನ್ನ ಅಲಕ್ಷ್ಯದ ಮೇಲೆ ತಿರುಗಲಿ. ಮೂಕಪ್ರಾಣಿಯ ಸಂಕಟವನ್ನು ಕಂಡು ನಿಂತು ನೋಡಬಲ್ಲ ಮನಸ್ಸು ಅಹಿಂಸೆಯ ಮನಸ್ಸು. ಅದೇ ಮನಸ್ಸು ತನ್ನ ಮನೆಯವರ ಪ್ರಾಣವನ್ನೂ ಕಾಯುತ್ತದೆ.